ಮನೆಯ ಲ್ಯಾಪ್‌ಟಾಪ್‌ನಲ್ಲಿ ವೆಬ್ ಸರ್ವರ್: ಗೆಳತಿಯ ಫೋನಿನಲ್ಲಿ ಯಾಕೆ ತೆರೆಯಲಿಲ್ಲ?

ಪ್ರಶ್ನೆ: ನಾನು ಸುಳ್ಯ ತಾಲ್ಲೂಕಿನವಳು. ಬಿಸಿಎ ಕೊನೆಯ ವರ್ಷ. ಅಣ್ಣನ ಹಳೆ ಲ್ಯಾಪ್‌ಟಾಪ್ ಇದೆ: ಐ3, 4 ಜಿಬಿ ಮೆಮೊರಿ, ವಿಂಡೋಸ್ 10. ಅದರಲ್ಲಿ ಎಕ್ಸಾಂಪ್ (ವೆಬ್ ಸರ್ವರ್, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಸಾಫ್ಟ್‌ವೇರ್) ಹಾಕಿ, ಅಡಿಕೆ ಮಾರಿದ ಲೆಕ್ಕ ಬರೆದಿಡುವ ಸಣ್ಣ ಸೈಟ್ ಮಾಡಿದ್ದೇನೆ. ನನ್ನ ಫೋನಿನಲ್ಲಿ 192.168.1.7 ಎಂದು ಹೊಡೆದರೆ ಚೆನ್ನಾಗಿ ತೆರೆಯುತ್ತದೆ. ಅದೇ ಲಿಂಕನ್ನು ಮಂಗಳೂರಿನಲ್ಲಿರುವ ಗೆಳತಿಗೆ ಕಳಿಸಿದರೆ ತೆರೆಯಲಿಲ್ಲ. ಒಂದು ವಿಡಿಯೊ ನೋಡಿ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ, ಅಂದರೆ ಹೊರಗಿನಿಂದ ಒಂದು ಪೋರ್ಟಿಗೆ (ನಂಬರ್ ಹಾಕಿದ ಬಾಗಿಲು ಇದ್ದ ಹಾಗೆ) ಬಂದದ್ದನ್ನು ಲ್ಯಾಪ್‌ಟಾಪ್‌ಗೆ ಕಳಿಸುವ ಸೆಟ್ಟಿಂಗ್. 'ನನ್ನ ಐಪಿ ಯಾವುದು' ಎಂದು ಹುಡುಕಿದಾಗ ಬಂದ ನಂಬರನ್ನು ಅವಳಿಗೆ ಕೊಟ್ಟೆ. ತುಂಬ ಹೊತ್ತು ಸುತ್ತಿ, 'ಟುಕ್ ಟೂ ಲಾಂಗ್ ಟು ರೆಸ್ಪಾಂಡ್' ಎಂದು ಬಂತಂತೆ. ಕ್ಲಾಸ್‌ಮೇಟ್ ಒಬ್ಬ ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು) ಆಫ್ ಮಾಡಿ, ರೂಟರ್‌ನಲ್ಲಿ ಡಿಎಂಜೆಡ್ ಆನ್ ಮಾಡು ಎಂದ. ಅದನ್ನೂ ಮಾಡಿದೆ, ಆಗಲಿಲ್ಲ. ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇಲ್ಲದೆ ಮನೆಯಲ್ಲಿ ಸರ್ವರ್ ಆಗುವುದೇ ಇಲ್ಲ ಎಂದು ಕಾಲೇಜಿನ ಸರ್ ಹೇಳುತ್ತಾರೆ. ಅಪ್ಪನಿಗೆ ಬೇರೆಯೇ ಭಯ: ಹ್ಯಾಕರ್‌ಗಳು ವೈಫೈ ಒಳಗೆ ಬಂದು ಬ್ಯಾಂಕಿನ ದುಡ್ಡು ತೆಗೆದರೆ? ದಿನವಿಡೀ ಆನ್ ಇಟ್ಟರೆ ಕರೆಂಟ್ ಬಿಲ್ ಎಷ್ಟು? ಇದೆಲ್ಲ ಕಾನೂನಿಗೆ ಸರಿಯಾ? ಮುಂದಿನ ತಿಂಗಳು ವೈವಾದಲ್ಲಿ ಸೈಟ್ ತೋರಿಸಬೇಕು. ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಕೊಳ್ಳುವುದು ಒಳ್ಳೆಯದಾ, ಈ ಲ್ಯಾಪ್‌ಟಾಪೇ ಸಾಕಾ?

ಉತ್ತರ: ಮೊದಲು ಎದ್ದು ಹೋಗಿ ಮೂರು ಕೆಲಸ ಮಾಡಿ ಬನ್ನಿ. ಉಳಿದದ್ದು ಆಮೇಲೆ ಓದಬಹುದು. ಲ್ಯಾಪ್‌ಟಾಪ್‌ನ ಫೈರ್‌ವಾಲ್ ಮತ್ತೆ ಆನ್ ಮಾಡಿ. ರೂಟರ್‌ನಲ್ಲಿ ಡಿಎಂಜೆಡ್ ಆಫ್ ಮಾಡಿ, ಪೋರ್ಟ್ ಫಾರ್ವರ್ಡ್ ಮಾಡಿದ ಸಾಲನ್ನೂ ಅಳಿಸಿ. ರೂಟರ್ ಪೇಜಿನ ಪಾಸ್‌ವರ್ಡ್ ಇನ್ನೂ 'ಅಡ್ಮಿನ್' ಎಂದೇ ಇದ್ದರೆ ಬದಲಿಸಿ.

ಡಿಎಂಜೆಡ್ ಆನ್ ಮಾಡುವುದೆಂದರೆ, ಹೊರಗಿನಿಂದ ಯಾವ ಪೋರ್ಟಿಗೆ ಏನೇ ಬಂದರೂ ಈ ಒಂದು ಮೆಷಿನ್‌ಗೆ ಕಳಿಸು ಎಂದು ರೂಟರ್‌ಗೆ ಹೇಳಿಬಿಡುವುದು. ಅದರ ಜೊತೆಗೆ ಮೆಷಿನ್‌ನ ಫೈರ್‌ವಾಲ್ ಕೂಡ ಆಫ್. ಇನ್ನು ಎಕ್ಸಾಂಪ್‌ನಲ್ಲಿ ನೀವಾಗಿ ಹಾಕದಿದ್ದರೆ ಡೇಟಾಬೇಸ್‌ನ ರೂಟ್ ಯೂಸರ್‌ಗೆ ಪಾಸ್‌ವರ್ಡೇ ಇರುವುದಿಲ್ಲ. ಎಕ್ಸಾಂಪ್ ಮಾಡಿದವರೇ ಇದು ಕಲಿಕೆಗೆ, ಸೈಟ್ ಕಟ್ಟುವಾಗ ಪ್ರಯತ್ನ ಮಾಡಲಿಕ್ಕೆ ಮಾತ್ರ ಎಂದು ಹೇಳಿದ್ದಾರೆ. ಹೀಗೆ ಎಲ್ಲವನ್ನೂ ತೆರೆದಿಟ್ಟರೂ ನಿಮಗೆ ಏನೂ ಆಗಲಿಲ್ಲ ಅಲ್ವಾ? ಯಾಕೆ ಆಗಲಿಲ್ಲ ಎನ್ನುವುದರಲ್ಲೇ ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇದೆ.

ಸರ್ವರ್ ಸರಿಯಾಗಿಯೇ ಇದೆ

ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳು ಒಂದಕ್ಕೊಂದು ಸುತ್ತಿಕೊಂಡಿವೆ. ಸರ್ವರ್ ಓಡುವುದು ಒಂದು. ಅದು ಹೊರಗಿನವರಿಗೆ ಸಿಗುವುದು ಇನ್ನೊಂದು. ವೆಬ್ ಸರ್ವರ್ ಅಂದರೆ ಒಂದು ಪೋರ್ಟಿನಲ್ಲಿ ಕಿವಿಗೊಟ್ಟು ಕೂತು, ಕೇಳಿದವರಿಗೆ ಪೇಜ್ ಕೊಡುವ ಪ್ರೋಗ್ರಾಂ. ನಿಮ್ಮ ಫೋನ್ ಕೇಳಿತು, ಲ್ಯಾಪ್‌ಟಾಪ್ ಕೊಟ್ಟಿತು. ಅಲ್ಲಿಗೆ ನಿಮ್ಮ ಮನೆಯಲ್ಲಿ ಸರ್ವರ್ ಆಗಿದೆ. ಅದಕ್ಕೆ ಸ್ಟ್ಯಾಟಿಕ್ ಐಪಿಯೂ ಬೇಕಾಗಲಿಲ್ಲ, ದೊಡ್ಡ ಮೆಷಿನ್ನೂ ಬೇಕಾಗಲಿಲ್ಲ.

ಜಗತ್ತಿನ ಮೊದಲ ವೆಬ್ ಸರ್ವರ್ ಕೂಡ ಡೇಟಾ ಸೆಂಟರ್‌ನಲ್ಲಿ ಇರಲಿಲ್ಲ. ಜಿನೀವಾ ಹತ್ತಿರದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ಕೆಲಸಕ್ಕೆ ಬಳಸುತ್ತಿದ್ದ ನೆಕ್ಸ್ಟ್ ಕಂಪ್ಯೂಟರ್ರೇ ಸರ್ವರ್ ಆಗಿತ್ತು. 1990ರ ಕೊನೆಗೆ ಅದು ಓಡತೊಡಗಿತು. 'ಈ ಮೆಷಿನ್ ಸರ್ವರ್, ಆಫ್ ಮಾಡಬೇಡಿ' ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿ ಅದರ ಮೇಲಿತ್ತು. ಮಲಗುವ ಮೊದಲು ಮನೆಯ ಸ್ವಿಚ್ಚೆಲ್ಲ ಆಫ್ ಮಾಡುತ್ತಾ ಬರುವ ಅಭ್ಯಾಸ ನಿಮ್ಮ ಅಪ್ಪನಿಗೂ ಇದ್ದರೆ, ನೀವೂ ಅಂಥದ್ದೊಂದು ಚೀಟಿ ಬರೆದಿಡಿ.

ಈಗ ಗೆಳತಿಯ ವಿಷಯ. 192.168 ಎಂದು ಶುರುವಾಗುವ ನಂಬರ್‌ಗಳು ಮನೆ, ಆಫೀಸುಗಳ ಒಳಗಿನ ಬಳಕೆಗೆ ಎಂದು ಮೀಸಲಿಟ್ಟವು. 10 ಎಂದು ಶುರುವಾಗುವವು ಮತ್ತು 172.16ರಿಂದ 172.31ರವರೆಗಿನವೂ ಹಾಗೆಯೇ. ಇವು ಪ್ರತಿ ಮನೆಯಲ್ಲೂ ಇರುತ್ತವೆ. ಅವಳ ಮನೆಯ ವೈಫೈಯಲ್ಲಿ 192.168.1.7 ಅಂದರೆ ಅವರ ಟಿವಿ ಇದ್ದರೂ ಇರಬಹುದು. ಆ ಲಿಂಕ್ ನಿಮ್ಮ ಮನೆ ಬಿಟ್ಟು ಬೇರೆ ಕಡೆ ಕೆಲಸ ಮಾಡುವುದಿಲ್ಲ.

ಎರಡನೇ ಸಲ ನೀವು ಕೊಟ್ಟದ್ದು ಹೊರಗಿನ ನಂಬರ್. ಆಗ ಅವಳಿಗೆ ಬಂದ ಸಂದೇಶವನ್ನು ಹಾಗೇ ಬರೆದು ಕಳಿಸಿದ್ದೀರಿ, ಅದು ತುಂಬ ಉಪಯೋಗಕ್ಕೆ ಬಂತು. ಸೈಟ್ ತೆರೆಯದಿದ್ದಾಗ ಬ್ರೌಸರ್ ಎರಡು ಬೇರೆ ಬೇರೆ ಮಾತು ಹೇಳುತ್ತದೆ. 'ರಿಫ್ಯೂಸ್ಡ್' ಎಂದು ತಕ್ಷಣ ಬಂದರೆ ಸಾಮಾನ್ಯವಾಗಿ ಮೆಷಿನ್ ಸಿಕ್ಕಿದೆ, ಆದರೆ ಆ ಪೋರ್ಟಿನಲ್ಲಿ ಯಾವ ಪ್ರೋಗ್ರಾಮೂ ಕೂತಿಲ್ಲ ಎಂದರ್ಥ. ಸುತ್ತಿ ಸುತ್ತಿ ಕೊನೆಗೆ 'ತುಂಬ ಹೊತ್ತಾಯಿತು' ಎಂದು ಬಂದರೆ, ಕಳಿಸಿದ ಪ್ಯಾಕೆಟ್ (ಡೇಟಾದ ತುಂಡು) ದಾರಿಯಲ್ಲೆಲ್ಲೋ ನಿಂತುಹೋಗಿದೆ. ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ. ನಿಮ್ಮದು ಎರಡನೆಯದು. ಫೈರ್‌ವಾಲ್ ಆಫ್, ಡಿಎಂಜೆಡ್ ಆನ್ ಇದ್ದರೂ ಹೀಗೆ ಬರುತ್ತಿದೆ ಎಂದರೆ ಪ್ಯಾಕೆಟ್ ನಿಮ್ಮ ರೂಟರ್‌ವರೆಗೆ ಬಂದೇ ಇಲ್ಲ ಎಂಬ ಅನುಮಾನ ಬರಬೇಕು.

ಅದನ್ನು ನೋಡುವುದು ಸುಲಭ. ರೂಟರ್ ಪೇಜಿನಲ್ಲಿ 'ಸ್ಟೇಟಸ್' ಅಥವಾ 'ವ್ಯಾನ್' ಎಂಬ ಕಡೆ ಹೋಗಿ. ಅಲ್ಲಿ ನಿಮ್ಮ ರೂಟರ್‌ಗೆ ಹೊರಗಿನಿಂದ ಸಿಕ್ಕಿದ ಐಪಿ ಬರೆದಿರುತ್ತದೆ. 'ನನ್ನ ಐಪಿ' ಎಂದು ಹುಡುಕಿದಾಗ ಬಂದ ನಂಬರ್ ಜೊತೆ ಅದನ್ನು ಹೋಲಿಸಿ. ಎರಡೂ ಒಂದೇ ಇದ್ದರೆ ನನ್ನ ಅನುಮಾನ ತಪ್ಪು. ಬೇರೆ ಇದ್ದು, ರೂಟರ್‌ನಲ್ಲಿ ಇರುವುದು 100.64ರಿಂದ 100.127ರ ಒಳಗಿದ್ದರೆ, ಅಥವಾ 10 ಎಂದು ಶುರುವಾದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಮನೆಯಲ್ಲಿ ಕೇಬಲ್‌ನವರು ಕೊಟ್ಟ ಡಬ್ಬ ಒಂದು, ನೀವು ಕೊಂಡ ರೂಟರ್ ಇನ್ನೊಂದು ಎಂದು ಎರಡಿದ್ದರೆ, ಫೈಬರ್ ಬಂದು ಸೇರುವ ಡಬ್ಬದಲ್ಲಿ ನೋಡಿ.

ಸಿಜಿನ್ಯಾಟ್ ಅಂದರೆ ಇಂಟರ್ನೆಟ್ ಕೊಡುವವರು ಒಂದು ಹೊರಗಿನ ಐಪಿಯನ್ನು ತುಂಬ ಮನೆಗಳಿಗೆ ಹಂಚುವುದು. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಒಳಗಿನಿಂದ ಯಾರು ಬೇಕಾದರೂ ಕಾಗದ ಬರೆದು ಉತ್ತರ ತರಿಸಿಕೊಳ್ಳಬಹುದು. ಆದರೆ ಬರೀ ಡೋರ್ ನಂಬರ್ ಬರೆದ ಕಾಗದ ಹೊರಗಿನಿಂದ ಬಂದರೆ, ಯಾವ ಮನೆಗೆ ಕೊಡಬೇಕೆಂದು ಗೇಟಿನಲ್ಲಿ ಗೊತ್ತಾಗುವುದಿಲ್ಲ. ನೀವು ಪೋರ್ಟ್ ಫಾರ್ವರ್ಡ್ ಮಾಡಿದ್ದು ನಿಮ್ಮ ಮನೆಯ ಬಾಗಿಲಿನಲ್ಲಿ. ಕಾಗದ ನಿಂತಿರುವುದು ವಠಾರದ ಗೇಟಿನಲ್ಲಿ. ಆ ಗೇಟ್ ನಿಮ್ಮ ಕೈಯಲ್ಲಿ ಇಲ್ಲ.

ಇದು ಕೇಬಲ್‌ನವರ ಜಿಪುಣತನ ಅಲ್ಲ. ಹಳೆ ಮಾದರಿಯ ಐಪಿ ನಂಬರ್‌ಗಳು, ಅಂದರೆ ಐಪಿವಿ4, ಮುಗಿದುಹೋಗಿವೆ. ನಮ್ಮ ಭಾಗಕ್ಕೆ ನಂಬರ್ ಹಂಚುವ ಏಪಿನಿಕ್ 2011ರ ಏಪ್ರಿಲ್‌ನಲ್ಲೇ ಕೊನೆಯ ಗಂಟಿಗೆ ಕೈ ಹಾಕಿತು. ಮರುವರ್ಷ 100.64 ಸಾಲನ್ನು ಹೀಗೆ ಹಂಚಿಕೊಳ್ಳುವುದಕ್ಕೆಂದೇ ಎತ್ತಿಟ್ಟರು. ಆಮೇಲೆ ಬಂದ ಸಣ್ಣ ಆಪರೇಟರ್‌ಗಳಿಗೆ ಮನೆಗೊಂದು ಐಪಿ ಕೊಡುವಷ್ಟು ನಂಬರ್ ಸಿಗುವುದು ಕಷ್ಟ.

ನಿಮಗೆ ಏನೂ ಆಗದೆ ಉಳಿದದ್ದೂ ಈ ಗೇಟಿನಿಂದಲೇ. ಆದರೆ ಅದನ್ನು ನಂಬಿ ಡಿಎಂಜೆಡ್ ಹಾಗೇ ಬಿಡಬೇಡಿ. ನಾಳೆ ಕನೆಕ್ಷನ್ ಬದಲಿಸಿದಿರಿ, ಅಥವಾ ಕೇಬಲ್‌ನವರೇ ಪಬ್ಲಿಕ್ ಐಪಿ (ನಿಮ್ಮ ಮನೆಗೇ ಪ್ರತ್ಯೇಕವಾದ ಹೊರಗಿನ ಐಪಿ) ಕೊಟ್ಟರು ಅಂದುಕೊಳ್ಳಿ. ಇವತ್ತು ಮರೆತ ಸೆಟ್ಟಿಂಗ್ ಅವತ್ತು ಕೆಲಸ ಶುರು ಮಾಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ನಿಮ್ಮ ಸರ್ ಹೇಳಿದ್ದು ಅರ್ಧ ಸರಿ. ಹೊರಗಿನಿಂದ ನೇರ ಬರಬೇಕಾದರೆ ಪಬ್ಲಿಕ್ ಐಪಿ ಬೇಕು. ಅದು ಸ್ಟ್ಯಾಟಿಕ್ ಆಗಿರಲೇಬೇಕು ಎಂದೇನಿಲ್ಲ. ಬದಲಾಗುತ್ತಿರುವ ಪಬ್ಲಿಕ್ ಐಪಿಯನ್ನು ಒಂದು ಹೆಸರಿಗೆ ಕಟ್ಟಿಡುವ ಡಕ್‌ಡಿಎನ್‌ಎಸ್ ತರಹದ ಉಚಿತ ಸೇವೆಗಳಿವೆ. ಐಪಿ ಬದಲಾಗುವುದು ದೊಡ್ಡ ತೊಂದರೆಯಲ್ಲ, ಹಂಚಿಕೊಂಡ ಐಪಿ ತೊಂದರೆ. ಇನ್ನು ಹೊಸ ಮಾದರಿಯ ಐಪಿ ನಂಬರ್, ಅಂದರೆ ಐಪಿವಿ6 ಇದ್ದರೆ ಲೆಕ್ಕ ಬೇರೆ. ಅದರಲ್ಲಿ ನಂಬರ್‌ಗೆ ಬರವಿಲ್ಲ. ನಿಮ್ಮ ಲ್ಯಾಪ್‌ಟಾಪ್‌ಗೇ ಹೊರಗಿನಿಂದ ಕಾಣುವ ಸ್ವಂತ ನಂಬರ್ ಸಿಗುತ್ತದೆ, ಅದು 2ರಿಂದ ಶುರುವಾಗುತ್ತದೆ. ಹೆಚ್ಚಿನ ರೂಟರ್‌ಗಳು ಹೊರಗಿನಿಂದ ಬರುವ ಐಪಿವಿ6 ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಲ್ಯಾಪ್‌ಟಾಪ್‌ನ ಸ್ವಂತ ಫೈರ್‌ವಾಲ್ ಆನ್ ಇರಬೇಕು ಎಂದು ನಾನು ಒತ್ತಿ ಹೇಳಲು ಇದೂ ಒಂದು ಕಾರಣ.

ಅಪ್ಪನ ಭಯ

ಅಪ್ಪನ ಭಯವನ್ನು ತಳ್ಳಿಹಾಕಬೇಡಿ. ಭಯ ಸರಿ, ಬೊಟ್ಟು ಮಾಡಿದ ಜಾಗ ಸ್ವಲ್ಪ ತಪ್ಪು. ಲ್ಯಾಪ್‌ಟಾಪ್‌ನಲ್ಲಿ ವೆಬ್ ಸರ್ವರ್ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ ಅವರ ಫೋನಿನ ಬ್ಯಾಂಕ್ ಆ್ಯಪ್‌ನಿಂದ ದುಡ್ಡು ಹೋಗುವುದಿಲ್ಲ. ಆ ಆ್ಯಪ್ ಬ್ಯಾಂಕಿನ ಜೊತೆ ಮಾತಾಡುವುದು ಎನ್‌ಕ್ರಿಪ್ಟ್ ಆಗಿ. ಪಕ್ಕದ ಮೆಷಿನ್ ಕೆಟ್ಟವರ ಕೈಗೆ ಸಿಕ್ಕಿದರೂ ಆ ಮಾತು ಓದಲು ಆಗುವುದಿಲ್ಲ. ಆದರೆ ಅದೇ ಲ್ಯಾಪ್‌ಟಾಪ್‌ನಲ್ಲಿ ಅಣ್ಣನ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬ್ರೌಸರ್‌ನಲ್ಲಿ ಉಳಿದಿದ್ದರೆ, ಆಧಾರ್, ಪ್ಯಾನ್ ಫೋಟೊಗಳು ಡೌನ್‌ಲೋಡ್ ಫೋಲ್ಡರ್‌ನಲ್ಲಿ ಬಿದ್ದಿದ್ದರೆ ಅಪ್ಪ ಹೇಳುವುದೇ ಸರಿ. ಹಾಗಾಗಿ ಸರ್ವರ್ ಮೆಷಿನ್ ಬರೀ ಸರ್ವರ್ ಆಗಿರಲಿ. ಬೇಕಾದದ್ದನ್ನು ಬೇರೆ ಕಡೆ ತೆಗೆದಿಟ್ಟು ಡಿಸ್ಕ್ ಪೂರ್ತಿ ಅಳಿಸಿ.

ನಿಜವಾಗಿ ಬರುವುದು ಯಾರು ಗೊತ್ತಾ? ಹೊರಗೆ ತೆರೆದಿಟ್ಟ ಯಾವುದೇ ಹೊಸ ಸರ್ವರ್‌ನ ಆಕ್ಸೆಸ್ ಲಾಗ್ ಫೈಲ್ (ಯಾರು ಏನು ಕೇಳಿದರು ಎಂಬ ದಾಖಲೆ) ತೆಗೆದು ನೋಡಿ. ನನ್ನ ಕೆಲಸದಲ್ಲಿ ಬೆಳಿಗ್ಗೆ ಎದ್ದು ಓದುವುದೇ ಅದನ್ನು. ಸೈಟಿನ ವಿಳಾಸ ಇನ್ನೂ ಯಾರಿಗೂ ಹೇಳಿರುವುದಿಲ್ಲ, ಆದರೂ ಸಾಲು ಸಾಲು ಇರುತ್ತದೆ. ಒಬ್ಬ ವರ್ಡ್‌ಪ್ರೆಸ್‌ನ ಲಾಗಿನ್ ಪೇಜ್ ಕೇಳಿರುತ್ತಾನೆ, ನೀವು ವರ್ಡ್‌ಪ್ರೆಸ್ ಹಾಕಿಯೇ ಇಲ್ಲ: 404. ಮುಂದಿನ ಸಾಲಿನಲ್ಲಿ ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್ ಇದೆಯಾ ಎಂದು ನಾಲ್ಕಾರು ಬೇರೆ ಬೇರೆ ಹೆಸರಿನಲ್ಲಿ ಹುಡುಕಿದ್ದು. ಅದರ ಕೆಳಗೆ, ಪಾಸ್‌ವರ್ಡ್‌ಗಳನ್ನು ಬರೆದಿಡುವ 'ಡಾಟ್ ಎನ್ವ್' ಫೈಲ್ ಕೇಳಿದ್ದು. ಆಮೇಲೆ ಕೋಡಿನ ಹಳೆ ಪ್ರತಿಗಳಿರುವ ಗಿಟ್ ಫೋಲ್ಡರ್. ಇವರಿಗೆ ನೀವು ಯಾರು ಅಂತ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಮನುಷ್ಯರೇ ಅಲ್ಲ, ಬಾಟ್‌ಗಳು. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಮಾಡಿದ ಜೀಮ್ಯಾಪ್ ಎಂಬ ಸಾಫ್ಟ್‌ವೇರ್ ಒಳ್ಳೆ ಕನೆಕ್ಷನ್ ಇದ್ದರೆ ಇಡೀ ಐಪಿವಿ4 ಲೋಕದಲ್ಲಿ ಒಂದು ಪೋರ್ಟನ್ನು 45 ನಿಮಿಷದೊಳಗೆ ತಡಕಿ ಬರುತ್ತಿತ್ತು. 'ನಮ್ಮ ಸುಳ್ಯದ ಮನೆ ಯಾರಿಗೆ ಗೊತ್ತು' ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ. ಸೈಟಿಗೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತೆಗೆದುಕೊಂಡರಂತೂ ಆ ಹೆಸರು ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ಪಟ್ಟಿಗೆ ಸೇರುತ್ತದೆ. ಅದನ್ನು ನೋಡುತ್ತಾ ಕೂತ ಬಾಟ್‌ಗಳೂ ಇವೆ.

ಲಾಗ್ ನೋಡಿ ಹೆದರಬೇಡಿ. 404 ಎಂದರೆ ಕೇಳಿದರು, ಇಲ್ಲ ಎಂದು ಹೇಳಿ ಕಳಿಸಿದೆವು ಎಂದರ್ಥ. ನೀವು ಇಟ್ಟಿರದ ಹೆಸರಿನ ಮುಂದೆ 200 ಎಂದು ಬಂದಿದ್ದರೆ ಮಾತ್ರ ಎದ್ದು ಕೂರಿ. ಏನೋ ಸಿಕ್ಕಿದೆ ಅವರಿಗೆ.

ಸಿಕ್ಕಿದರೆ ಏನು ಮಾಡುತ್ತಾರೆ? ಮೆಷಿನ್‌ನಲ್ಲಿ ಕ್ರಿಪ್ಟೊ ನಾಣ್ಯ ತೆಗೆಯುವ ಪ್ರೋಗ್ರಾಂ ಹಾಕುತ್ತಾರೆ. ಸ್ಪ್ಯಾಮ್ ಕಳಿಸುತ್ತಾರೆ. ಬೇರೆಯವರ ಮೇಲೆ ದಾಳಿ ಮಾಡಲು ಬಳಸುತ್ತಾರೆ. ಒಳಗಿನಿಂದ ಮನೆಯ ಉಳಿದ ಡಬ್ಬಗಳನ್ನೂ ಮುಟ್ಟಿ ನೋಡುತ್ತಾರೆ. ಅಡಿಕೆ ಒಣಹಾಕಿದ ಅಂಗಳಕ್ಕೆ ಸಿಸಿ ಕ್ಯಾಮೆರಾ ಹಾಕಿದ್ದೀರಾ? ಹಾಕಿದವರು ಕೊಟ್ಟ ಪಾಸ್‌ವರ್ಡನ್ನೇ ಬಿಟ್ಟಿದ್ದೀರಾ? 2016ರಲ್ಲಿ ಮಿರಾಯ್ ಎಂಬ ಕೆಟ್ಟ ಪ್ರೋಗ್ರಾಂನ ದಾಳಿ ನಡೆದದ್ದು ಇಂಥ ಕ್ಯಾಮೆರಾ, ಡಿವಿಆರ್, ರೂಟರ್‌ಗಳಿಂದಲೇ. ಕಾರ್ಖಾನೆಯಲ್ಲಿ ಇಟ್ಟ ಅರವತ್ತು ಚಿಲ್ಲರೆ ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹೊಡೆದು ನೋಡುವುದಷ್ಟೇ ಅದರ ಜಾಣತನ. ಆ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ದೊಡ್ಡ ದೊಡ್ಡ ಸೈಟ್‌ಗಳು ಗಂಟೆಗಟ್ಟಲೆ ತೆರೆಯದೆ ಹೋದವು.

ಕಾನೂನಿನ ಬಗ್ಗೆ: ಕಲಿಯಲು ಮನೆಯಲ್ಲಿ ವೆಬ್ ಸರ್ವರ್ ಇಡುವುದಕ್ಕೆ ಲೈಸೆನ್ಸ್ ಬೇಕಿಲ್ಲ. ನೋಡಬೇಕಾದದ್ದು ಕನೆಕ್ಷನ್ ಕೊಟ್ಟವರ ಷರತ್ತು. ಮನೆ ಪ್ಲಾನ್‌ನಲ್ಲಿ ಸರ್ವರ್ ನಡೆಸಬಾರದು ಎಂದು ಕೆಲವರು ಬರೆದಿರುತ್ತಾರೆ, ವೆಬ್‌ನ 80, 443, ಮೇಲ್‌ನ 25 ಪೋರ್ಟ್‌ಗಳನ್ನು ಮುಚ್ಚಿರುವವರೂ ಇದ್ದಾರೆ. ಮತ್ತೆ, ಕನೆಕ್ಷನ್ ಅಪ್ಪನ ಹೆಸರಿನಲ್ಲಿದೆ. ನಿಮ್ಮ ಮೆಷಿನ್ ಬಳಸಿ ಯಾರೋ ಇನ್ನೊಬ್ಬರ ಮೇಲೆ ದಾಳಿ ಮಾಡಿದರೆ, ಐಪಿ ಹಿಡಿದುಕೊಂಡು ಬರುವವರು ಮೊದಲು ವಿಚಾರಿಸುವುದು ಅವರನ್ನೇ. ಈ ಮಾತನ್ನು ಅಪ್ಪನಿಗೆ ನೀವೇ ಹೇಳಿ. ಮುಚ್ಚಿಟ್ಟರೆ ಜಾಸ್ತಿ ಹೆದರುತ್ತಾರೆ.

ಕರೆಂಟು ಮತ್ತು ಸಿಡಿಲು

ಸ್ಕ್ರೀನ್ ಆಫ್ ಇಟ್ಟ ಹಳೆ ಲ್ಯಾಪ್‌ಟಾಪ್ ಸುಮ್ನೆ ಕೂತಾಗ 10ರಿಂದ 15 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 15 ವ್ಯಾಟ್ ಅಂದರೂ 24 ಗಂಟೆ, 30 ದಿನಕ್ಕೆ 10.8 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 65 ರೂಪಾಯಿ ಆಸುಪಾಸು. ಹಳೆ ಡೆಸ್ಕ್‌ಟಾಪ್ ಆಗಿದ್ದರೆ 60 ವ್ಯಾಟ್, 43 ಯೂನಿಟ್.

ಗೃಹಜ್ಯೋತಿ ಇದ್ದರೆ ಇನ್ನೊಂದು ಲೆಕ್ಕ ಇದೆ. ಉಚಿತ ಸಿಗುವುದು 200 ಯೂನಿಟ್ ಅಲ್ಲ, ನಿಮ್ಮ ಮನೆಯ ಹಿಂದಿನ ಸರಾಸರಿ ಮತ್ತು ಅದರ ಮೇಲೆ ಸ್ವಲ್ಪ. ಸರಾಸರಿ 90 ಇದ್ದವರಿಗೆ 100ರ ಆಸುಪಾಸಿನವರೆಗೆ. ಲ್ಯಾಪ್‌ಟಾಪ್‌ನ 10.8 ಸೇರಿದರೆ ಗೆರೆ ಸ್ವಲ್ಪ ದಾಟುತ್ತದೆ, ದಾಟಿದಷ್ಟಕ್ಕೆ ಕಟ್ಟಬೇಕು. ರಾತ್ರಿ ಆಫ್ ಮಾಡಿದರೆ ದಾಟುವುದಿಲ್ಲ. 24 ಗಂಟೆಯೂ ಓಡುತ್ತಿರಬೇಕು ಎನ್ನುವುದು ದುಡ್ಡು ತರುವ ಸೈಟ್‌ಗಳ ಮಾತು. ಕಲಿಯುವ ಸರ್ವರ್ ನೀವು ಕೂತಾಗ ಓಡಿದರೆ ಸಾಕು.

ನಿಮ್ಮ ಕಡೆ ನನಗೆ ಬಿಲ್‌ಗಿಂತ ಜಾಸ್ತಿ ಚಿಂತೆ ಸಿಡಿಲಿನದು. ಏಪ್ರಿಲ್, ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಘಟ್ಟದ ಬುಡದಲ್ಲಿ ಹೊಡೆಯುವ ಸಿಡಿಲಿಗೆ ಸುಡುವ ರೂಟರ್‌ಗಳು ಒಂದೆರಡಲ್ಲ. ಫೈಬರ್ ಗಾಜು, ಅದಕ್ಕೆ ಕರೆಂಟು ಹರಿಯುವುದಿಲ್ಲ ಎಂದು ಧೈರ್ಯವಾಗಿರುವವರು ಇದ್ದಾರೆ. ಕಂಬದಿಂದ ಮನೆಗೆ ಎಳೆದ ಕೇಬಲ್‌ನಲ್ಲಿ ಗಾಜಿನ ಜೊತೆ ಅದನ್ನು ಎಳೆದು ಹಿಡಿಯಲು ಉಕ್ಕಿನ ತಂತಿಯೂ ಸಾಮಾನ್ಯವಾಗಿ ಇರುತ್ತದೆ. ಅಡಾಪ್ಟರ್ ಹೇಗೂ ಕರೆಂಟಿನ ಲೈನಿಗೇ ಸಿಕ್ಕಿಸಿದ್ದು. ಗುಡುಗು ಶುರುವಾದಾಗ ಟಿವಿ ಪ್ಲಗ್ ತೆಗೆಯುತ್ತೀರಲ್ಲ, ಆಗಲೇ ರೂಟರ್‌ನದ್ದೂ ಲ್ಯಾಪ್‌ಟಾಪ್‌ನದ್ದೂ ತೆಗೆಯಿರಿ. ಎರಡರ ನಡುವೆ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಬಿಚ್ಚಿ.

ಮುಂದೆ ಏನು ಮಾಡಬಹುದು

ಮೊದಲನೆಯದು, ನನಗೆ ಅತಿ ಇಷ್ಟವಾದದ್ದು: ಹೊರಗೆ ತೆರೆಯುವ ಯೋಚನೆ ಸದ್ಯಕ್ಕೆ ಬಿಟ್ಟು ಮನೆಯೊಳಗೇ ಕಲಿಯುವುದು. ಸೆಪ್ಪೆ ಅನಿಸಬಹುದು, ಆದರೆ ಸರ್ವರ್ ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಸೆಕ್ಯುರಿಟಿ ಅಪ್‌ಡೇಟ್ ನಿಂತಿದೆ. ಹೇಗೂ ಡಿಸ್ಕ್ ಅಳಿಸುತ್ತೀರಿ, ವಿಂಡೋಸ್ ಬದಲು ಲಿನಕ್ಸ್‌ನ ಉಬುಂಟು ಸರ್ವರ್ 24.04 ಹಾಕಿ. 4 ಜಿಬಿ ಅದಕ್ಕೆ ಧಾರಾಳ. ಕಿಟಕಿ, ಐಕಾನ್ ಏನೂ ಇರುವುದಿಲ್ಲ, ಕಪ್ಪು ಸ್ಕ್ರೀನ್ ಮಾತ್ರ. ನಾಲ್ಕು ದಿನ ಕಷ್ಟ, ಆಮೇಲೆ ಅದೇ ಹಿತ. ರೂಟರ್‌ನಲ್ಲಿ ಈ ಮೆಷಿನ್‌ಗೆ ಯಾವಾಗಲೂ ಒಂದೇ ಒಳ ಐಪಿ ಸಿಗುವಂತೆ ಮಾಡಿ. ಬೇರೆ ಕಂಪ್ಯೂಟರ್‌ನಿಂದ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಭದ್ರವಾದ ದಾರಿ) ಮೂಲಕ ಒಳಗೆ ಹೋಗಿ, ಪಾಸ್‌ವರ್ಡ್ ಬದಲು ಕೀ ಫೈಲ್ ಬಳಸಿ. ಎಕ್ಸಾಂಪ್ ಒಂದೇ ಗುಂಡಿಯಲ್ಲಿ ಮಾಡಿಕೊಟ್ಟದ್ದನ್ನು ಈಗ ಬಿಡಿಬಿಡಿಯಾಗಿ ಹಾಕಿ: ವೆಬ್ ಸರ್ವರ್‌ಗೆ ಎಂಜಿನ್‌ಎಕ್ಸ್, ಕೋಡ್ ಓಡಿಸಲು ಪಿಎಚ್‌ಪಿ, ಡೇಟಾಬೇಸ್‌ಗೆ ಮರಿಯಾಡಿಬಿ.

ಹಾಕಿದ ಮೇಲೆ ಬೇಕೆಂದೇ ಕೆಡಿಸಿ. ಸೈಟಿನ ಫೈಲ್‌ಗಳನ್ನು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಇಟ್ಟು ನೋಡಿ, 403 ('ಅನುಮತಿ ಇಲ್ಲ') ಅಥವಾ 404 ಬರುತ್ತದೆ. ಈಗಿನ ಉಬುಂಟುವಿನಲ್ಲಿ ಒಬ್ಬರ ಹೋಮ್ ಫೋಲ್ಡರನ್ನು ಇನ್ನೊಬ್ಬ ಯೂಸರ್ ಓದುವಂತಿಲ್ಲ, ಎಂಜಿನ್‌ಎಕ್ಸ್ ಬೇರೆ ಯೂಸರ್ ಆಗಿ ಓಡುತ್ತದೆ. ಪಿಎಚ್‌ಪಿಯನ್ನು ನಿಲ್ಲಿಸಿ, 502 ಬರುತ್ತದೆ. ಎಂಜಿನ್‌ಎಕ್ಸ್ ನಿಲ್ಲಿಸಿದರೆ 'ರಿಫ್ಯೂಸ್ಡ್'. ಅದನ್ನು ಮತ್ತೆ ಶುರು ಮಾಡಿ ಫೈರ್‌ವಾಲ್‌ನಲ್ಲಿ 80ನ್ನು ಮುಚ್ಚಿದರೆ ನಿಮ್ಮ ಗೆಳತಿ ನೋಡಿದ ಅದೇ ಸಂದೇಶ. ಪ್ರತಿ ಸಲವೂ ಎರರ್ ಲಾಗ್‌ನ ಕೊನೆಯ ಸಾಲು ಓದಿ. ಕೆಲಸಕ್ಕೆ ಸಂದರ್ಶನ ಮಾಡುವಾಗ ನಾನು ಕೇಳುವುದು '502 ಬಂದರೆ ಮೊದಲು ಎಲ್ಲಿ ನೋಡುತ್ತೀರಿ' ಎಂದು. ಮನೆಯಲ್ಲಿ ಕೆಡಿಸಿ ನೋಡಿದವರು ತಡವರಿಸುವುದಿಲ್ಲ. ಈ ದಾರಿಯಲ್ಲಿ ಅಪಾಯ ಇಲ್ಲವೆಂದೇ ಹೇಳಬಹುದು.

ಗೆಳತಿಗೆ ಮಾತ್ರ ತೋರಿಸಬೇಕಾದರೆ ಟೇಲ್‌ಸ್ಕೇಲ್ ಇದೆ. ಸ್ವಂತ ಬಳಕೆಗೆ ಉಚಿತ. ನಿಮ್ಮ ಲ್ಯಾಪ್‌ಟಾಪ್‌ನಲ್ಲೂ ಅವಳ ಫೋನಿನಲ್ಲೂ ಹಾಕಿ, ಲ್ಯಾಪ್‌ಟಾಪನ್ನು ಅವಳ ಜೊತೆ ಹಂಚಿಕೊಂಡರೆ, ಎರಡೂ ಒಂದೇ ಮನೆಯ ವೈಫೈಯಲ್ಲಿದ್ದ ಹಾಗೆ ಮಾತಾಡುತ್ತವೆ. ಸಿಜಿನ್ಯಾಟ್ ಅಡ್ಡ ಬರುವುದಿಲ್ಲ, ಯಾಕೆಂದರೆ ಎರಡೂ ಕಡೆಯವರು ಒಳಗಿನಿಂದ ಹೊರಗೆ ಹೋಗಿ ಭೇಟಿಯಾಗುತ್ತಾರೆ. ಅದೂ 100 ಎಂದು ಶುರುವಾಗುವ ಐಪಿ ಕೊಡುತ್ತದೆ, ಕೇಬಲ್‌ನವರ 100ರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಜಗತ್ತಿಗೆ ಏನೂ ಕಾಣುವುದಿಲ್ಲ. ಯಾವ ಅಕೌಂಟ್‌ನಿಂದ ಲಾಗಿನ್ ಆಗುತ್ತೀರೋ ಅದಕ್ಕೆ ಎರಡು ಹಂತದ ಭದ್ರತೆ ಇರಲಿ. ಆ ಅಕೌಂಟ್ ಹೋದರೆ ಎಲ್ಲವೂ ಹೋದಂತೆ.

ಎಲ್ಲರಿಗೂ ಕಾಣಬೇಕು ಎಂದರೆ ಟನಲ್. ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಒಂದು ಸಣ್ಣ ಪ್ರೋಗ್ರಾಂ ನಿಮ್ಮ ಲ್ಯಾಪ್‌ಟಾಪ್‌ನಿಂದ ಅವರ ಸರ್ವರ್‌ಗೆ ಸಂಪರ್ಕ ಮಾಡಿ ಹಾಗೇ ಹಿಡಿದುಕೊಂಡಿರುತ್ತದೆ. ಜನ ಅವರ ಕಡೆ ಬರುತ್ತಾರೆ, ಅಲ್ಲಿಂದ ನಿಮ್ಮ ಕಡೆಗೆ. ಪೋರ್ಟ್ ಫಾರ್ವರ್ಡ್ ಬೇಡ, ಪಬ್ಲಿಕ್ ಐಪಿ ಬೇಡ. ಅಕೌಂಟ್ ಇಲ್ಲದೆಯೂ ಒಂದು ತಾತ್ಕಾಲಿಕ ವಿಳಾಸ ಸಿಗುತ್ತದೆ, ನಿಲ್ಲಿಸಿ ಶುರು ಮಾಡಿದಾಗ ಬದಲಾಗುತ್ತದೆ. ಶಾಶ್ವತ ಹೆಸರು ಬೇಕಾದರೆ ಡೊಮೈನ್ ಕೊಳ್ಳಬೇಕು, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಆದರೆ ಟನಲ್ ನಿಮ್ಮ ಸೈಟನ್ನು ಕಾಯುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಅಡಿಕೆ ಲೆಕ್ಕದ ಫಾರ್ಮ್‌ನಲ್ಲಿ ಬರೆದದ್ದನ್ನು ಹಾಗೇ ಡೇಟಾಬೇಸ್ ಕ್ವೆರಿಗೆ ಸೇರಿಸಿದ್ದೀರಾ, ನೋಡಿ. ಸೇರಿಸಿದ್ದರೆ ಯಾವ ದಾರಿಯಿಂದ ಬಂದವನೂ ಅಲ್ಲಿಂದಲೇ ಒಳಗೆ ನುಗ್ಗುತ್ತಾನೆ. ಅಪ್ಪನ ನಿಜವಾದ ಲೆಕ್ಕವನ್ನು ಅದರಲ್ಲಿ ಇಡಬೇಡಿ, ಸುಳ್ಳು ನಂಬರ್‌ಗಳು ಸಾಕು. ಎನ್‌ಕ್ರಿಪ್ಷನ್ ಮಧ್ಯದಲ್ಲಿ ಅವರ ಹತ್ತಿರ ಬಿಚ್ಚಿಕೊಳ್ಳುತ್ತದೆ ಎಂಬುದೂ ಗೊತ್ತಿರಲಿ.

ಪಬ್ಲಿಕ್ ಐಪಿ ಕೊಂಡು ಪೋರ್ಟ್ ಫಾರ್ವರ್ಡ್ ಮಾಡುವುದು ಹಳೆಯ ದಾರಿ. ಕೇಬಲ್‌ನವರನ್ನು ಕೇಳಿ ನೋಡಿ, ತಿಂಗಳಿಗೆ ಇಷ್ಟು ಎಂದು ಹೆಚ್ಚಿಗೆ ತೆಗೆದುಕೊಂಡು ಕೊಡುವವರಿದ್ದಾರೆ. ಕಲಿಯುವುದೂ ಇದರಲ್ಲಿ ಜಾಸ್ತಿ, ಅಪಾಯವೂ ಇದರಲ್ಲೇ ಜಾಸ್ತಿ. ನಿಮ್ಮ ಮನೆಯ ನೆಟ್‌ವರ್ಕ್ ನೇರ ಬೀದಿಗೆ ಬರುತ್ತದೆ. ನಿಮಗೆ ಈಗ ಬೇಡ. ಮಾಡಲೇಬೇಕೆಂದಾದರೆ 80 ಮತ್ತು 443 ಬಿಟ್ಟು ಇನ್ನೇನೂ ಬೇಡ. ಡೇಟಾಬೇಸ್, ರಿಮೋಟ್ ಡೆಸ್ಕ್‌ಟಾಪ್ ಯಾವತ್ತೂ ಬೇಡ. ಮೇಲ್ ಸರ್ವರ್ ಆಸೆ ಇದ್ದರೆ ಅದನ್ನೂ ಬಿಡಿ. ಮನೆಯ ಐಪಿಯಿಂದ ಹೋದ ಮೇಲನ್ನು ದೊಡ್ಡ ಕಂಪನಿಗಳು ತೆಗೆದುಕೊಳ್ಳುವುದೇ ಕಷ್ಟ.

ಕೊನೆಯದು ವಿಪಿಎಸ್, ತಿಂಗಳಿಗೆ ಕೆಲವು ನೂರು ರೂಪಾಯಿಗೆ ಬಾಡಿಗೆ ಮೆಷಿನ್. ಅದು ಕೆಟ್ಟರೆ ನಿಮ್ಮ ಮನೆಗೆ ಏನೂ ಆಗುವುದಿಲ್ಲ, ಅಳಿಸಿ ಹೊಸದು ಮಾಡಿದರಾಯಿತು. ಉದ್ಯೋಗ ಹುಡುಕುವ ಹೊತ್ತಿಗೆ ಎರಡು ತಿಂಗಳು ಇದನ್ನು ಬಳಸಿ ನೋಡಿ. ಮುಗಿದ ಮೇಲೆ ಅಳಿಸಲು ಮರೆತರೆ ಕಾರ್ಡ್‌ನಿಂದ ದುಡ್ಡು ಹೋಗುತ್ತಲೇ ಇರುತ್ತದೆ.

ವೈವಾಕ್ಕೆ ಇದಾವುದೂ ಬೇಡ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ. ಲ್ಯಾಪ್‌ಟಾಪನ್ನೂ ಪರೀಕ್ಷಕರ ಫೋನನ್ನೂ ಅದಕ್ಕೆ ಸೇರಿಸಿ. ಆಗ ಒಳ ಐಪಿ 192.168.1.7 ಆಗಿರುವುದಿಲ್ಲ, ಹೊಸದು ಯಾವುದು ಎಂದು ನೋಡಿಕೊಳ್ಳಿ. ಕಾಲೇಜಿನ ವೈಫೈಯನ್ನು ನಂಬಬೇಡಿ, ಒಂದು ಫೋನಿಗೆ ಇನ್ನೊಂದು ಮೆಷಿನ್ ಕಾಣದಂತೆ ಅಲ್ಲಿ ತಡೆದಿರುವುದು ಸಾಮಾನ್ಯ. ಹಿಂದಿನ ದಿನ ಮನೆಯಲ್ಲಿ ಅಪ್ಪನ ಫೋನಿನಲ್ಲಿ ಒಂದು ಸಲ ಮಾಡಿ ನೋಡಿ. ಇನ್ನೊಂದು ಮಾತು, ಉಬುಂಟು ಹಾಕುವ ಸಾಹಸ ವೈವಾ ಮುಗಿದ ಮೇಲೆ. ಅಲ್ಲಿಯವರೆಗೆ ಎಕ್ಸಾಂಪ್ ಇರಲಿ, ಮನೆಯೊಳಗೆ ಅದರಿಂದ ತೊಂದರೆಯಿಲ್ಲ.

ಪೈ ಬೇಕಾ, ಲ್ಯಾಪ್‌ಟಾಪ್ ಸಾಕಾ

ಲ್ಯಾಪ್‌ಟಾಪ್ ಸಾಕು. ಪೈ ಚಿಕ್ಕದು, ಕರೆಂಟ್ ಕಮ್ಮಿ, ನಾಲ್ಕು ವ್ಯಾಟ್ ಆಸುಪಾಸಿನಲ್ಲಿ ಕೂತಿರುತ್ತದೆ. ಆದರೆ ಬೋರ್ಡ್ ಜೊತೆ ಅಡಾಪ್ಟರ್, ಕಾರ್ಡ್, ಡಬ್ಬ ಎಲ್ಲ ಸೇರಿದಾಗ ಬೆಲೆ ಏರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡಿದರೆ ಅದರ ಮೆಮೊರಿ ಕಾರ್ಡ್ ಕೆಡುವುದು ಮಾಮೂಲು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಕರೆಂಟು ಹೋದರೂ ಸರಿಯಾಗಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ. ಮುಚ್ಚಳ ಮುಚ್ಚಿದಾಗ ನಿದ್ದೆಗೆ ಹೋಗದಂತೆ ಉಬುಂಟುವಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಬೇಕು, ಅಷ್ಟೇ.

ಶುರು ಮಾಡುವ ಮೊದಲು ಆ ಬ್ಯಾಟರಿ ಒಮ್ಮೆ ನೋಡಿ. ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಡಿ. ಅಲುಗಾಡುತ್ತಿದ್ದರೆ, ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದು ಒತ್ತಲು ಬಿಗಿಯಾಗಿದ್ದರೆ ಬ್ಯಾಟರಿ ಊದಿಕೊಂಡಿದೆ. ಹಾಗಿದ್ದರೆ ಚಾರ್ಜ್ ಹಾಕಬೇಡಿ, ನೀವೇ ಬಿಚ್ಚಲೂ ಹೋಗಬೇಡಿ. ರಿಪೇರಿಯವರ ಹತ್ತಿರ ಕೊಟ್ಟು ತೆಗೆಸಿ. ಬ್ಯಾಟರಿ ಇಲ್ಲದೆ ಅಡಾಪ್ಟರ್‌ನಲ್ಲೇ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಓಡುತ್ತವೆ, ಮನೆಯಲ್ಲಿ ಇನ್ವರ್ಟರ್ ಇದ್ದರೆ ಆ ಪ್ಲಗ್ಗಿಗೆ ಸಿಕ್ಕಿಸಿ. ಊದಿಲ್ಲದಿದ್ದರೆ, ಬಯಾಸ್‌ನಲ್ಲಿ (ಆನ್ ಮಾಡುವಾಗ ತೆರೆಯುವ ಮೂಲ ಸೆಟ್ಟಿಂಗ್) ಚಾರ್ಜ್ ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದೆಯಾ ನೋಡಿ ಆನ್ ಮಾಡಿ. ಸದಾ ಪ್ಲಗ್‌ನಲ್ಲೇ ಇರುವ ಲ್ಯಾಪ್‌ಟಾಪ್‌ನ ಬ್ಯಾಟರಿ ಬೇಗ ಊದದಿರಲು ಅದು ಸಹಾಯ ಮಾಡುತ್ತದೆ.